ನಿಂಬೆ ಉಪ್ಪಿನ ಜಾಡಿ

ಅಕ್ಟೋಬರ್ 14, 2021, ಗುರುವಾರ

ಮಧ್ಯಾಹ್ನದೊಳಗೆ ಮೂರು ಕಾರ್ಬ್ಯುರೇಟರ್ ಮುಗಿಸಿದೆ. ಮೂರೂ ಜನರೇಟರಿನವು. ಸರ್ಕಾರದ ಕರೆಂಟು ದಿನಕ್ಕೆ ಎರಡು ಗಂಟೆ ಬರುವಷ್ಟು ಕಾಲ ನನಗೆ ಕೆಲಸದ ಬರವಿಲ್ಲ.

ನಾಲ್ಕನೆಯದು ರೊಟ್ಟಿಯ ಪ್ಲಾಸ್ಟಿಕ್ ಚೀಲದಲ್ಲಿ ಬಂತು. ತಂದವಳು ನಜ್ಲಾ ಅತ್ತಿಗೆ. ಅಂಗಡಿಯ ಹೊಸ್ತಿಲು ದಾಟಲಿಲ್ಲ. ಹೊರಗಿನಿಂದಲೇ ಕೈ ಚಾಚಿದಳು.

"ಯಾರು ಕಳಿಸಿದ್ದು ಅಂತ ಕೇಳಬೇಡ," ಅಂದಳು.

"ಕೇಳಲ್ಲ. ತನ್ನೂಸ್ ಅಣ್ಣ ಹೇಗಿದ್ದಾನೆ?"

"ಕೇಳಲ್ಲ ಅಂದೆ ತಾನೆ?"

ಚೀಲ ಬಿಚ್ಚಿದೆ. ಅಪ್ಪನ ಟ್ಯಾಕ್ಸಿಯದು. ನಮ್ಮ ಕೂರಾದ ಹಳ್ಳಿಗಳಿಂದ ಟ್ರಿಪೋಲಿ ಪಟ್ಟಣಕ್ಕೆ ನಲವತ್ತು ವರ್ಷ ಜನ ಹೊತ್ತ ಮರ್ಸಿಡಿಸ್. ಚೋಕಿನ ಸರಳಿಗೆ ಅಪ್ಪ ಸುತ್ತಿದ ತಾಮ್ರದ ತಂತಿ ಹಾಗೇ ಇದೆ. ಒಳಗೆ ಪೆಟ್ರೋಲ್ ಒಣಗಿ ಬೆಲ್ಲದ ಪಾಕದ ಹಾಗೆ ಗಟ್ಟಿ. ಹೊರಗೆ ಬಿಳಿ ಬೂಷ್ಟು.

ಹನ್ನೊಂದು ವರ್ಷ. ಅಪ್ಪ ಸತ್ತ ನಲವತ್ತನೆಯ ದಿನದ ಊಟ, ಊರೆಲ್ಲ ಕೂತಿತ್ತು. ಕಾರು ಏನು ಮಾಡ್ತೀರಿ ಅಂತ ಯಾರೋ ಕೇಳಿದರು. ನಾನು ಬಾಯಿ ಬಿಟ್ಟೆ—"ಗುಜರಿಯವನೂ ಅದನ್ನ ಒಯ್ಯೋಕೆ ಕೂಲಿ ಕೇಳ್ತಾನೆ." ಜನ ನಕ್ಕರು. ತನ್ನೂಸ್ ನಗಲಿಲ್ಲ. ಅಪ್ಪನ ಪಕ್ಕ ಕೂತು ಇಪ್ಪತ್ತು ವರ್ಷ ಅದನ್ನೇ ಓಡಿಸಿದವನು. ತಟ್ಟೆ ದೂಡಿ ಎದ್ದ. "ಇವತ್ತಿನಿಂದ ನಿನ್ನ ಮನೆ ತುತ್ತು ನನಗೆ ವಿಷ," ಅಂದ. ಅಂದದ್ದನ್ನು ನಡೆಸಿದ.

ಈ ಬಾಯಿ ನನಗೆ ಅಂಗಡಿ ಕೊಟ್ಟಿದೆ, ಗಿರಾಕಿ ಕೊಟ್ಟಿದೆ, ಹೆಂಡತಿಯನ್ನೂ ಕೊಟ್ಟಿದೆ. ಕಳೆದದ್ದು ಒಬ್ಬನನ್ನು. ತಾಳೆ ನೋಡಿದರೆ ಸರಿದೂಗುವುದಿಲ್ಲ.

ಈಗ ಅವನ ಹೊಸ ಕಾರಿನ ಕಂಪ್ಯೂಟರ್ ಡಬ್ಬಿ ಸತ್ತಿದೆಯಂತೆ. ಬೇರೆಯದು ಬರುವ ದಾರಿಯಿಲ್ಲ. ಅದಕ್ಕೆ ಅಪ್ಪನ ಕಾರು. ಈ ಸುತ್ತಿನಲ್ಲಿ ಇಂಥದ್ದನ್ನು ಬಿಚ್ಚಿ ಕಟ್ಟುವವನು ನಾನೊಬ್ಬನೇ ಉಳಿದಿದ್ದೇನೆ. ಉಳಿದವರು ಸತ್ತರು, ಇಲ್ಲವೇ ಮೊಬೈಲ್ ಅಂಗಡಿ ಇಟ್ಟರು.

"ಕೂಲಿ ಎಷ್ಟು?" ಕೇಳಿದಳು ಅತ್ತಿಗೆ.

"ಕೂಲಿ ಬೇಡ. ಬಂದು ನಮ್ಮನೇಲಿ ಊಟ ಮಾಡ್ಲಿ."

"ಅವರು ಬರಲ್ಲ. ಕತ್ತೆ ಹಟ."

"ಅದು ನಮ್ಮ ಮನೆತನದ್ದು ಅತ್ತಿಗೆ. ಮದುವೆಗೆ ಮುಂಚೆ ವಿಚಾರಿಸಬೇಕಿತ್ತು ನೀನು."

ನಕ್ಕಳು. ಹೊಸ್ತಿಲು ಮಾತ್ರ ದಾಟಲಿಲ್ಲ.


ಅಕ್ಟೋಬರ್ 16, ಶನಿವಾರ

ಸಾಬೂನು ಕಾಯಿಸುವ ದಿನ. ಹೊಸ ಎಣ್ಣೆ ಗಾಣದಿಂದ ಬರುವ ಮುಂಚೆ ಹಳೆಯ ಆಲಿವ್ ಎಣ್ಣೆ ಖಾಲಿಯಾಗಬೇಕು. ಹೆಂಡತಿ ವಿದಾದ್ ಅಂಗಳದಲ್ಲಿ ಹಂಡೆ ಇಟ್ಟಳು. ಎಣ್ಣೆ, ನೀರು, ಕಾಸ್ಟಿಕ್ ಸೋಡಾ. ನಾನು ಕೋಲು ತಿರುಗಿಸಿದೆ, ಅವಳು ನನ್ನನ್ನು ತಿರುಗಿಸಿದಳು—ಎಡಕ್ಕೆ, ನಿಧಾನ, ಮೂಗು ಹಾಕಬೇಡ.

ಸೋಡಾ ಅರ್ಧ ಕಿಲೋ ಉಳಿಯಿತು. ಚೀಲ ಹರಿದಿತ್ತು. ಚೆಲ್ಲುವ ಜಾತಿ ನಾನಲ್ಲ. ಖಾಲಿ ಜಾಮಿನ ಜಾಡಿಗೆ ಸುರಿದು, ಮುಚ್ಚಳ ಬಿಗಿದು, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಟ್ಟೆ. ಒಂದು ಹರಳೂ ಹಾಳಾಗಲಿಲ್ಲ.


ಅಕ್ಟೋಬರ್ 20, ಬುಧವಾರ

ಬರುತ್ತಾನಂತೆ!

ಮೂವತ್ತೊಂದು, ಭಾನುವಾರ, ಚರ್ಚಿನಿಂದ ನೇರ ಇಲ್ಲಿಗೆ. ಅತ್ತಿಗೆ ಫೋನ್ ಮಾಡಿದಳು. "ಒಂದು ಷರತ್ತು. ಕಾರಿನ ಬಗ್ಗೆ ನೀನು ತಮಾಷೆ ಮಾಡಬಾರದು."

"ಬೇರೆ ಏನಾದ್ರೂ ಮೇಲೆ ಮಾಡ್ಬಹುದಾ?"

"ನಖ್ಲೆ!" ನನ್ನ ಹೆಸರನ್ನೇ ಬೈಗುಳದ ಹಾಗೆ ಅಂದಳು.

ವಿದಾದ್ ಆಗಲೇ ದ್ರಾಕ್ಷಿ ಎಲೆ ಎಣಿಸುತ್ತಿದ್ದಾಳೆ. ಅನ್ನ, ಮಾಂಸ ತುಂಬಿದ ಎಲೆಯ ಸುರುಳಿ ಅಂದರೆ ತನ್ನೂಸ್‌ಗೆ ಪ್ರಾಣ. ಹಿಂದೆ ಒಮ್ಮೆ ಅರವತ್ತು ತಿಂದಿದ್ದ. ಎಣಿಸಿದವನು ನಾನೇ.


ಅಕ್ಟೋಬರ್ 22, ಶುಕ್ರವಾರ

ಬಿಚ್ಚಿದೆ. ಸ್ಕ್ರೂ ಹದಿನೇಳು, ಸ್ಪ್ರಿಂಗ್ ಮೂರು, ತೇಲುಗುಂಡು ಒಂದು, ಹಿತ್ತಾಳೆ ಜೆಟ್ ನಾಲ್ಕು. ಪೆಟ್ರೋಲನ್ನು ಹನಿ ಹನಿಯಾಗಿ ಅಳೆದು ಬಿಡುವ ಈ ಜೆಟ್‌ಗಳು ಕಡಲೆಕಾಳಿನಷ್ಟಿವೆ. ಒಂದರ ತೂತನ್ನು ಅಪ್ಪ ಬೆಸುಗೆ ತುಂಬಿ ಮತ್ತೆ ಕೈಯಲ್ಲಿ ಕೊರೆದಿದ್ದ, ಏರು ದಾರಿಗೆ ಅಂತ. ನಾಲ್ಕನ್ನೂ ಬೆಂಕಿಪೊಟ್ಟಣಕ್ಕೆ ಹಾಕಿ ಬೇರೆ ಇಟ್ಟೆ.

ಈಗ ಪ್ರಶ್ನೆ—ಯಾವುದರಲ್ಲಿ ತೊಳೆಯುವುದು?

ಪೆಟ್ರೋಲ್: ಬಂಕಿನ ಸಾಲಿನಲ್ಲಿ ಅರ್ಧ ದಿನ ನಿಂತು ತಂದದ್ದರಲ್ಲಿ ಲೋಹ ತೊಳೆದರೆ ಊರಿನವರು ನನ್ನನ್ನೇ ತೊಳೆಯುತ್ತಾರೆ. ಸೀಮೆಎಣ್ಣೆ: ಜಿಡ್ಡು ಬಿಡಿಸುತ್ತದೆ, ಬೂಷ್ಟು ಹಾಗೇ. ಹೊರದೇಶದ ಸ್ಪ್ರೇ ಡಬ್ಬಿ: ಟ್ರಿಪೋಲಿಯಲ್ಲಿ ಇದೆ, ಗಾಜಿನ ಹಿಂದೆ, ಒಡವೆಯ ಹಾಗೆ. ನೋಡಿ ಬಂದೆ. ವಿನೆಗರ್: ಬಂದರಿನ ಮೆಕ್ಯಾನಿಕ್‌ಗಳು ಆಣೆ ಇಟ್ಟು ಹೇಳುತ್ತಾರೆ. ಹಳೇ ಅಲ್ಯೂಮಿನಿಯಂ ಅದರಲ್ಲಿ ನೆನೆದರೆ ಮಂಕಾಗುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಅರಕ್ ಸಾರಾಯಿ: ನನ್ನ ಹೊಟ್ಟೆಗೇ ಸಾಲದು.

ಉಳಿದದ್ದು ನಿಂಬೆ ಉಪ್ಪು. ಅಡುಗೆಗೆ ಹುಳಿ ಬೇಕೆಂದಾಗ ಹಾಕುವ ಬಿಳಿ ಹರಳು. ಹಾಗೋಪ್ ಉಸ್ತಾದನ ವಿದ್ಯೆ. ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ, ಇಪ್ಪತ್ತು ನಿಮಿಷ, ಬ್ರಷ್ಷು, ತಣ್ಣೀರು. ಲೋಹಕ್ಕೆ ನೋವಿಲ್ಲದೆ ಕೊಳೆ ಇಳಿಯುತ್ತದೆ. ಹದಿನಾರನೇ ವಯಸ್ಸಿಗೆ ಅವನ ಗ್ಯಾರೇಜು ಸೇರಿದಾಗ ಆ ಅರ್ಮೇನಿಯನ್ ಮುದುಕ ಕಲಿಸಿದ ಮೊದಲ ಪಾಠ: "ನಾಲಿಗೆಗೆ ಹಚ್ಚಿ ನೋಡು. ನಿನ್ನ ನಾಲಿಗೆ ತಡೆದದ್ದನ್ನ ಮಾತ್ರ ಕಾರ್ಬ್ಯುರೇಟರಿಗೆ ಹಾಕು." ಅವತ್ತಿನಿಂದ ಪ್ರತಿ ಸಲ ಬೆರಳು ಅದ್ದಿ ನೆಕ್ಕುತ್ತೇನೆ. ಗಿರಾಕಿಗಳು ನಗುತ್ತಾರೆ. ನಗಲಿ, ಮತ್ತೆ ಬರುತ್ತಾರಲ್ಲ.


ಅಕ್ಟೋಬರ್ 30, ಶನಿವಾರ

ವಿದಾದ್ ಸುರುಳಿ ಕಟ್ಟುತ್ತಿದ್ದಾಳೆ. ನೂರಾ ಎಂಬತ್ತು. ಇಡೀ ಮನೆ ಹಸಿ ಎಲೆಯ ವಾಸನೆ.

"ನಿಂಬೆ ಉಪ್ಪು ಇದೆಯಾ?" ಕೇಳಿದೆ.

"ನೀನೇ ತಂದಿಟ್ಟಿದ್ದೀಯಲ್ಲ ಮಾರಾಯ. ಹೋದ ವಾರ ಮುಗೀತು ಅಂದಿದ್ದೆ. ನೋಡಿದ್ರೆ ಕಪಾಟಿನಲ್ಲಿ ಜಾಡಿ ತುಂಬ ಇದೆ. ಹೇಳಿದ ಕೆಲಸ ಮಾಡೋದೂ ಗೊತ್ತು ಅಂತಾಯ್ತು ನಿನಗೆ."

ತಂದದ್ದು ನೆನಪಿಲ್ಲ. ತಂದಿರಬೇಕು. ಹೊಗಳಿಕೆ ಬಂದಾಗ ಬಿಲ್ಲು ಕೇಳುವವನು ನಾನಲ್ಲ.

"ಅರ್ಧ ನನಗೆ ಬಿಡು," ಅಂದಳು. "ಎಲೆಗೆ ಬೇಕು."


ಅಕ್ಟೋಬರ್ 31, ಭಾನುವಾರ, ಬೆಳಿಗ್ಗೆ 7:40

ಡಬ್ಬದಲ್ಲಿ ಎರಡು ಲೀಟರ್ ನೀರು, ಜಾಡಿಯಿಂದ ನಾಲ್ಕು ಚಮಚ. ನಾಲಿಗೆಗೆ ಹಚ್ಚಲಿಲ್ಲ. ಇವತ್ತು ಚರ್ಚಿನಲ್ಲಿ ಪರಮಪ್ರಸಾದ ತೆಗೆದುಕೊಳ್ಳಬೇಕು, ಅಲ್ಲಿಯವರೆಗೆ ಉಪವಾಸ, ಎದ್ದಾಗಿನಿಂದ ನೀರೂ ಮುಟ್ಟಿಲ್ಲ. ಹಾಗೋಪ್ ಕ್ಷಮಿಸಲಿ, ಅವನೂ ಕ್ರೈಸ್ತನೇ.

ಡಬ್ಬ ಯಾಕೋ ಬಿಸಿ. ನೀರು ಜಾಸ್ತಿ ಕಾದಿರಬೇಕು. ಸಣ್ಣ ಗುಳ್ಳೆ ಏಳುತ್ತಿದೆ. ಏಳಲಿ, ಹನ್ನೊಂದು ವರ್ಷದ ಕೊಳೆ.

ಗಂಟೆ ಹೊಡೆದರು. ವಿದಾದ್ ಒಲೆ ಸಣ್ಣಗೆ ಮಾಡಿ, ಎಲೆಗೆ ಹುಳಿ ಹಾಕಿ, ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದಾಳೆ. ಬಂದ ಮೇಲೆ ತೆಗೆದರಾಯಿತು. ನಿಂಬೆ ಉಪ್ಪು ತಾನೆ. ಊಟದ ಮೇಜಿನ ನಡುವೆ, ಎಲೆಯ ತಟ್ಟೆಯ ಪಕ್ಕ, ಹೊಳೆಯುವ ಕಾರ್ಬ್ಯುರೇಟರ್ ತಂದಿಟ್ಟರೆ ಅವನ ಮುಖ ಹೇಗಾಗುತ್ತದೋ ನೋಡಬೇಕು.


ಅದೇ ದಿನ, ಮಧ್ಯಾಹ್ನ 1

ಎರಡು ಸಲ ಕೈ ತೊಳೆದು ಬಂದು ಕೂತೆ.

ಹೊಡೆದೆ. ಅಣ್ಣನ ಕೈಗೆ ಹೊಡೆದೆ. ತುತ್ತು ಎತ್ತಿದ ಕೈಗೆ.


ಮಧ್ಯಾಹ್ನ 3

ಮೊದಲಿನಿಂದ ಬರೆಯುತ್ತೇನೆ.

ಚರ್ಚಿನಲ್ಲಿ ಅವನು ಎಡಗಡೆ, ನಾನು ಬಲಗಡೆ. ಹೊರಗೆ ಬಂದಾಗ ಜೊತೆಗೆ ನಡೆದ. "ಊದಿಕೊಂಡಿದ್ದೀಯ," ಅಂದ. ಹನ್ನೊಂದು ವರ್ಷದ ಮೇಲೆ ಮೊದಲ ಮಾತು. "ನೀನು ಬತ್ತಿದ್ದೀಯ, ಇಬ್ಬರನ್ನೂ ಕೂಡಿಸಿ ಭಾಗ ಮಾಡಿದ್ರೆ ಸರಿಯಾಗುತ್ತೆ," ಅಂದೆ. ನಕ್ಕ. ನಿಜವಾಗಿ ನಕ್ಕ.

ಅವರು ಅಂಗಡಿಯ ಮೇಲಿರುವ ನಮ್ಮ ಮನೆಗೆ ಹತ್ತಿದರು. ನಾನು ಕೆಳಗೆ ಅಂಗಡಿಗೆ ಇಳಿದೆ.

ಡಬ್ಬದಲ್ಲಿ ಕಪ್ಪು ನೊರೆ. ಇಕ್ಕಳದಿಂದ ಎತ್ತಿದೆ. ಇಡೀ ಮೈ ಇದ್ದಿಲಿನ ಬಣ್ಣ. ಮುಚ್ಚಳ ಕೂರುವ ಅಂಚು ಇಲಿ ಕಡಿದ ಹಾಗೆ. ಸ್ಕ್ರೂ ಕೂರುವ ತೂತಿನ ತಿರುಪು ಗೆರೆಗಳು ಮಾಯ. ಬಟ್ಟೆಯಲ್ಲಿ ಹಿಡಿದೆ, ಬೆರಳಿಗೆ ತಾಗಿತು—ಜಾರುತ್ತದೆ. ಸಾಬೂನಿನ ಹಾಗೆ ಜಾರುತ್ತದೆ.

ನಿಂಬೆ ಉಪ್ಪು ಜಾರುವುದಿಲ್ಲ. ನಿಂಬೆ ಉಪ್ಪು ಕಪ್ಪಾಗಿಸುವುದಿಲ್ಲ. ಅಲ್ಯೂಮಿನಿಯಂ ಅನ್ನು ಹೀಗೆ ತಿನ್ನುವ ಬಿಳಿ ಹರಳು ನನಗೆ ಗೊತ್ತಿರುವುದು ಒಂದೇ. ಎರಡು ವಾರದ ಹಿಂದೆ ಹಂಡೆಗೆ ಹಾಕಿ ತಿರುಗಿಸಿದ್ದೆ.

ಅಷ್ಟರಲ್ಲಿ ಮೇಲಿನಿಂದ ವಿದಾದ್‌ಳ ದನಿ. "ಬಾರೋ ನಖ್ಲೆ, ಬಡಿಸಿದ್ದೀನಿ!"

ಅರ್ಧ ನನಗೆ ಬಿಡು, ಎಲೆಗೆ ಬೇಕು.

ಹದಿನಾಲ್ಕು ಮೆಟ್ಟಿಲು. ಹೇಗೆ ಹತ್ತಿದೆನೋ. ಪಾತ್ರೆ ಬೋರಲು ಹಾಕಿ ತಟ್ಟೆಗೆ ಸುರಿದಿದ್ದಳು. ಸುರುಳಿಗಳು ನಿಂತಿರಲಿಲ್ಲ, ಹಸಿರು ಮುದ್ದೆಯಾಗಿದ್ದವು. "ಜಾಸ್ತಿ ಬೆಂದುಹೋಗಿದೆ ಭಾವ, ಕ್ಷಮಿಸಿ, ಉಪವಾಸ ಇತ್ತಲ್ಲ, ರುಚಿ ನೋಡೋಕಾಗ್ಲಿಲ್ಲ," ಅನ್ನುತ್ತಿದ್ದಳು. ತನ್ನೂಸ್ ಒಂದನ್ನು ಎತ್ತಿದ್ದ. "ಇದೇನು ಇಷ್ಟು ಜಾರುತ್ತೆ—" ಅಂದ. ಅಂದವನು ಬಾಯಿ ತೆರೆದ.

ಹೊಡೆದೆ. ಸುರುಳಿ ಗೋಡೆಗೆ ಬಿತ್ತು. ಇನ್ನೊಂದು ಕೈಯಲ್ಲಿ ತಟ್ಟೆ ಎಳೆದೆ. ಅದೂ ನೆಲಕ್ಕೆ.

ಹೇಳಬೇಕಿತ್ತು. ಒಂದು ಮಾತು ಸಾಕಿತ್ತು. ನಲವತ್ತು ವರ್ಷ ಮಾತು ಮಾರಿ ಬದುಕಿದವನು ನಾನು, ಸತ್ತ ಇಂಜಿನ್ನನ್ನೂ ಮಾತಿನಲ್ಲಿ ಓಡಿಸಿ ಮಾರಿದವನು. ಬಾಯಿ ತೆರೆದದ್ದು ನೆನಪಿದೆ. ಗಾಳಿ ಮಾತ್ರ ಬಂತು.

ತನ್ನೂಸ್ ತನ್ನ ಕೈ ನೋಡಿಕೊಂಡ. ಆಮೇಲೆ ನನ್ನನ್ನು. "ಹನ್ನೊಂದು ವರ್ಷ ಕಾದು, ಕರೆದು ಕೂರಿಸಿ, ತುತ್ತು ಹೊಡೆದು ಬೀಳಿಸಿದೆ," ಅಂದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಹೋದ. ಅತ್ತಿಗೆ ಹಿಂದೆಯೇ ಹೋದಳು, ಕೈಚೀಲ ಇಲ್ಲೇ ಬಿಟ್ಟು.

ಮಾತು ಬಂದದ್ದು ಅವರು ಬೀದಿ ತಿರುಗಿದ ಮೇಲೆ. "ಸೋಡಾ," ಅಂದೆ. ವಿದಾದ್ ನೆಲದ ಮೇಲೆ ಕೂತಳು. ಪಾತ್ರೆ ಎತ್ತಿ ಬೆಳಕಿಗೆ ಹಿಡಿದಳು. ಅಲ್ಯೂಮಿನಿಯಂ ಪಾತ್ರೆ. ಒಳಗೆಲ್ಲ ಕಪ್ಪು. ಕಾರ್ಬ್ಯುರೇಟರಿನದೇ ಕಪ್ಪು.


ನವೆಂಬರ್ 1, ಸೋಮವಾರ

ಅಂಗಡಿ ತೆಗೆಯಲಿಲ್ಲ.

ವಿದಾದ್ ಒಂದೇ ಮಾತು ಹೇಳುತ್ತಿದ್ದಾಳೆ. "ನಾನು ಹೇಗೆ ತಪ್ಪು ಜಾಡಿ ತೆಗೆದೆ? ಮೂವತ್ತು ವರ್ಷದ ಅಡುಗೆಮನೆ ನಂದು." ಬೆಳಿಗ್ಗೆ ಅತ್ತಿಗೆ ಕೈಚೀಲಕ್ಕೆ ಬಂದಾಗ ಬಾಗಿಲಲ್ಲೇ ಅತ್ತು ಹೇಳಿಬಿಟ್ಟಳು: "ತಪ್ಪು ನನ್ನದು ನಜ್ಲಾ. ಕಣ್ಣು ಕುರುಡಾಗಿತ್ತು. ಭಾವನಿಗೆ ಹೇಳು." ಅತ್ತಿಗೆ ಹೇಳಿದಳಂತೆ. ಅವನು ನಂಬಲಿಲ್ಲವಂತೆ. "ಗಂಡನನ್ನ ಉಳಿಸೋಕೆ ಕಥೆ ಕಟ್ಟಿದ್ದಾಳೆ," ಅಂದನಂತೆ. "ಅವನಿಗೆ ನಾನು ಅಪ್ಪನ ಕಾರು ಓಡಿಸೋದು ಬೇಕಿರಲಿಲ್ಲ, ಅಷ್ಟೇ."

ಬೆರಳ ತುದಿ ಸುಲಿದಿದೆಯಂತೆ ಅವನದು. ನನ್ನದೂ ಸುಲಿದಿದೆ. ತುಟಿಗೆ ತಾಗಿಲ್ಲ. ಫೋನಿನಲ್ಲಿ ಅತ್ತಿಗೆಯನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ತಾಗಿಲ್ಲ.

ಸೋಡಾ ಆ ಕಪಾಟಿಗೆ ಹೇಗೆ ಬಂತು? ಚೀಲ ಅಂಗಳದಲ್ಲಿತ್ತಲ್ಲ. ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡೆ. ಆಮೇಲೆ ಈ ಪುಸ್ತಕದಲ್ಲಿ ಹಿಂದಕ್ಕೆ ತಿರುವಿದೆ.

ಅಕ್ಟೋಬರ್ 16. ನನ್ನದೇ ಅಕ್ಷರ. ಒಂದು ಹರಳೂ ಹಾಳಾಗಲಿಲ್ಲ.

ಬರೆದು ಮರೆತಿದ್ದೆ. ಹೆಮ್ಮೆಯಿಂದ ಬರೆದಿದ್ದೆ. ಜಾಡಿಯ ಮೇಲೆ ಒಂದು ಚೀಟಿ ಅಂಟಿಸಲಿಲ್ಲ; ಹದಿನೇಳು ಸ್ಕ್ರೂ ಬೇರೆ ಬೇರೆ ಗುರುತು ಮಾಡಿ ಇಡುವವನು ನಾನು.

ನಿನ್ನ ಮನೆ ತುತ್ತು ನನಗೆ ವಿಷ ಅಂದಿದ್ದ. ಅವನು ಸಿಟ್ಟಿನಲ್ಲಿ ಅಂದ. ನಾನು ಅಳೆದು ಹಾಕಿಟ್ಟೆ.


ನವೆಂಬರ್ 2, ಮಂಗಳವಾರ

ಹೇಳಲಿಲ್ಲ. ವಿದಾದ್ ಎದುರಿಗೇ ಕೂತಿದ್ದಳು. ಬಾಯಿ ತೆರೆದೆ, ಕಾಫಿ ಕೇಳಿದೆ.


ನವೆಂಬರ್ 6, ಶನಿವಾರ

ಮೂರು ದಿನ ಪುಸ್ತಕ ಮುಟ್ಟಲಿಲ್ಲ. ಊರಲ್ಲಿ ಸುದ್ದಿ ಹಬ್ಬಿದೆ. ರೊಟ್ಟಿ ಅಂಗಡಿಯಲ್ಲಿ ಯಾರೋ ಅಂದರು, "ವಿದಾದ್‌ಗೆ ವಯಸ್ಸಾಯ್ತು ಪಾಪ." ಪಕ್ಕದಲ್ಲೇ ನಿಂತಿದ್ದೆ. ಹಣ ಕೊಟ್ಟು ರೊಟ್ಟಿ ತಂದೆ. ಸುಮ್ಮನಿದ್ದರೆ ನನಗೇನೂ ಖರ್ಚಿಲ್ಲ, ಎಲ್ಲ ಅವಳ ಹೆಸರಿಗೆ ಬರೆದಾಗಿದೆ, ಬರೆದವಳೂ ಅವಳೇ. ಮನೆಗೆ ಬಂದೆ. ಹೊಸ ಪಾತ್ರೆಯ ಮುಂದೆ ಕೂತು ಉಪ್ಪಿನ ಜಾಡಿ ಮೂಸುತ್ತಿದ್ದಳು. ಬರೀ ಉಪ್ಪಿನ ಜಾಡಿ. ಸಕ್ಕರೆಯನ್ನೂ ಮೂಸಿದಳು.

ಪುಸ್ತಕ ತೆರೆದು ಅವಳ ಮುಂದೆ ಇಟ್ಟೆ. ಆ ಪುಟ. ಓದಿದಳು. ಎರಡು ಸಲ ಓದಿದಳು. ಎದ್ದು ಹೋಗಿ ಕಪಾಟಿನ ಜಾಡಿಗಳನ್ನೆಲ್ಲ ತಂದು ನನ್ನ ಮುಂದೆ ಸಾಲಾಗಿ ಇಟ್ಟಳು. ಪೆನ್ನು, ಗೋಂದು ಇಟ್ಟಳು. "ಬರಿ," ಅಂದಳು. ಇಪ್ಪತ್ತಮೂರು ಜಾಡಿ. ಬರೆದೆ.

ಸಂಜೆ ನಾಲ್ಕಕ್ಕೆ ಕಪ್ಪು ಕಾರ್ಬ್ಯುರೇಟರನ್ನು ಅದೇ ರೊಟ್ಟಿ ಚೀಲಕ್ಕೆ ಹಾಕಿಕೊಂಡು ಅವನ ಮನೆಗೆ ಹೋದೆ. ಬಾಗಿಲು ತೆಗೆಯಲಿಲ್ಲ. ಒಳಗೆ ಕುರ್ಚಿ ಸರಿದ ಸದ್ದು. ಇದ್ದಾನೆ.

"ಅಣ್ಣ," ಅಂದೆ ಬಾಗಿಲಿಗೆ. "ವಿದಾದ್‌ಳದ್ದು ತಪ್ಪಲ್ಲ. ಸೋಡಾನ ಆ ಜಾಡಿಗೆ ಸುರಿದಿದ್ದು ನಾನು. ಅಡುಗೆಮನೇಲಿ ಇಟ್ಟಿದ್ದೂ ನಾನು. ನಿನ್ನ ತಟ್ಟೇಲಿ ಇದ್ದಿದ್ದು ಏನು ಮಾಡುತ್ತೆ ಅಂತ ತೋರಿಸೋಕೆ ತಂದಿದ್ದೀನಿ, ನೋಡು. ಅದರಲ್ಲಿ ಅಪ್ಪನ ಕಾರ್ಬ್ಯುರೇಟರ್ ಮುಳುಗಿಸಿದ್ದೆ. ನಾಲ್ಕು ಗಂಟೆ. ಅಲ್ಯೂಮಿನಿಯಂ ಗತಿಯೇ ಹೀಗಾದ್ರೆ ನಿನ್ನ ಗಂಟಲು…"

ತಮಾಷೆಯೂ ಬರಲಿಲ್ಲ.

ಪಕ್ಕದ ಮನೆಯ ಹೆಂಗಸು ಬಟ್ಟೆ ಒಣಗಿಸುವುದು ನಿಲ್ಲಿಸಿ ಕೇಳುತ್ತಿದ್ದಳು. ಕೇಳಲಿ. ಅವಳು ಕೇಳಿದರೆ ರೊಟ್ಟಿ ಅಂಗಡಿಗೆ ನಾನು ಬೇರೆ ಹೇಳಬೇಕಿಲ್ಲ.

ಚೀಲ ಮೆಟ್ಟಿಲ ಮೇಲೆ ಇಟ್ಟು ಬಂದೆ.


ನವೆಂಬರ್ 14, ಭಾನುವಾರ, ಮಧ್ಯಾಹ್ನ 12

ಅವನು ಬಂದಿದ್ದಾನೆ!

ಚರ್ಚು ಬಿಟ್ಟು ಬಂದು ಅಂಗಡಿಯ ಬಾಗಿಲು ತೆಗೆದೆ. ಹಿಂದಿನಿಂದ ನೆರಳು ಬಿತ್ತು. ತನ್ನೂಸ್. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಗೋಣಿಯ ಗಂಟು. ಹೊಸ್ತಿಲು ದಾಟಿ ಒಳಗೆ ಬಂದ. ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟ. ಅಪ್ಪನದರಂಥದೇ ಕಾರ್ಬ್ಯುರೇಟರ್. ಕೊಳಕು, ಆದರೆ ಅಂಚು ಗಟ್ಟಿ.

"ಟ್ರಿಪೋಲಿ ಗುಜರೀಲಿ ಸಿಕ್ತು," ಅಂದ. "ಒಯ್ಯೋಕೆ ಗುಜರಿಯವನು ಕೂಲಿ ಕೇಳ್ಲಿಲ್ಲ ಕಣೋ. ಕಾರು ಇನ್ನೂ ಇದೆ ಅಂದಿದ್ದಕ್ಕೆ ಎದ್ದು ನಿಂತು ಕೈಕುಲುಕಿದ."

ತಲೆ ತಗ್ಗಿಸಿದೆ. ಹನ್ನೊಂದು ವರ್ಷ ಇಟ್ಟುಕೊಂಡಿದ್ದ ಮಾತು. ಬಡ್ಡಿ ಸಮೇತ ಬಂತು.

"ಅಪ್ಪನ ಜೆಟ್‌ಗಳು?"

ಬೆಂಕಿಪೊಟ್ಟಣ ತೆಗೆದುಕೊಟ್ಟೆ. ನಾಲ್ಕನ್ನೂ ಅಂಗೈಗೆ ಸುರಿದುಕೊಂಡ. ಅಪ್ಪ ಕೊರೆದದ್ದನ್ನು ಕಣ್ಣಿಗೆ ಹಿಡಿದು, ಆ ತೂತಿನಿಂದ ಕಿಟಕಿಯ ಬೆಳಕು ನೋಡಿದ. ಬೆರಳ ತುದಿಯಲ್ಲಿ ಹೊಸ ಚರ್ಮ, ಗುಲಾಬಿ.

"ಇದನ್ನ ಯಾವುದರಲ್ಲಿ ತೊಳೀತೀಯ?"

ಎರಡು ವಾರದಿಂದ ಗಿರಾಕಿಗಳ ಕಾರ್ಬ್ಯುರೇಟರನ್ನೆಲ್ಲ ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದೇನೆ. ಬಿಳಿ ಪುಡಿ ಕಂಡರೆ ಕೈ ಹಿಂದೆ ಹೋಗುತ್ತದೆ.

ಬುಟ್ಟಿ ಮುಂದೆ ತಳ್ಳಿದ. ನಿಂಬೆಹಣ್ಣು, ಅವನ ಗಿಡದ್ದು. ಒಂದನ್ನು ನನ್ನ ಚಾಕುವಿನಲ್ಲೇ ಕೊಯ್ದು ಲೋಟಕ್ಕೆ ಹಿಂಡಿದ. "ಪುಡಿ ಗಿಡಿ ಬೇಡ. ಹಾಗೋಪ್ ಹೇಳಿದ್ದ ಅಂತಿದ್ದೆಯಲ್ಲ, ನಾಲಿಗೆ, ಗೀಲಿಗೆ ಅಂತ. ಕುಡಿ. ನನ್ನ ಮುಂದೆ ಕುಡಿ."

ಕುಡಿದೆ. ಹಲ್ಲು ಜುಮ್ಮೆಂದಿತು. ಕಣ್ಣಲ್ಲಿ ನೀರು ಬಂತು, ನಿಂಬೆಯಿಂದಲೇ ಬಂತು ಅಂತ ಇಬ್ಬರೂ ಒಪ್ಪಿಕೊಂಡೆವು.

"ಹುಳಿ ಇದೆಯಾ?"

"ಇದೆ."

"ಉಳಿದದ್ದು ವಿದಾದ್‌ಗೆ ಕೊಡು. ನಾಳೆಯಿಂದ ಕ್ರಿಸ್‌ಮಸ್‌ವರೆಗೆ ಉಪವಾಸ, ಮಾಂಸ ಇಲ್ಲ. ನನಗೆ ನೀನು ಅರವತ್ತು ಸುರುಳಿ ಬಾಕಿ. ಇವತ್ತೇ ತೀರಿಸು."

ವಿದಾದ್ ಏನು ಮಾಡಿಟ್ಟಿದ್ದಾಳೆ ನೋಡಿದರೆ—ಸುರುಳಿ ನಿನ್ನೆಯೇ ಕಟ್ಟಿಟ್ಟಿದ್ದಳು. ಅವನು ಬರುತ್ತಾನೆ ಅಂತ ಅತ್ತಿಗೆ ಹೇಳಿದ್ದಳಂತೆ. ನನಗೊಬ್ಬನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಇಪ್ಪತ್ತಮೂರು ಜಾಡಿಗೆ ಚೀಟಿ ಇದೆ, ಹೆಂಗಸರಿಗೆ ಇಲ್ಲ.


ಮಧ್ಯಾಹ್ನ 2:30

ಕೈ ತೊಳೆಯಲು ಕೆಳಗೆ ಬಂದೆ, ಎರಡು ಸಾಲು ಬರೆದುಬಿಡೋಣ ಅಂತ. ಹೊಸ ಕಾರ್ಬ್ಯುರೇಟರ್ ನಿಂಬೆ ರಸದ ನೀರಿನಲ್ಲಿದೆ. ಗುಳ್ಳೆ ಇಲ್ಲ. ಡಬ್ಬ ತಣ್ಣಗಿದೆ, ಐದು ಸಲ ಮುಟ್ಟಿ ನೋಡಿದೆ. ಗಡಿಯಾರ ನೋಡಿ ಇಟ್ಟಿದ್ದೇನೆ, ಇಪ್ಪತ್ತು ನಿಮಿಷ.

ಮೇಲಿನಿಂದ ವಿದಾದ್ ಕೂಗುತ್ತಿದ್ದಾಳೆ. ಬಡಿಸಿ ಆಗಿದೆಯಂತೆ. ಸುರುಳಿ ಗಟ್ಟಿಯಾಗಿ ನಿಂತಿವೆಯಂತೆ. ತನ್ನೂಸ್ ತಟ್ಟೆ ಮುಂದಿಟ್ಟುಕೊಂಡು ಎರಡೂ ಕೈ ಕಟ್ಟಿ ಕೂತಿದ್ದಾನಂತೆ, ಮುಟ್ಟುತ್ತಿಲ್ಲವಂತೆ.

"ಮೊದಲು ಅವನು ತಿನ್ನಲಿ ಅಂತಿದ್ದಾರೆ ಭಾವ! ಬೇಗ ಬಾ, ಆರುತ್ತೆ!"

ಹೋಗಬೇಕು, ಮೊದಲ ತುತ್ತು ನನ್ನದು. ನಾಲಿಗೆಯಲ್ಲಿ ಇನ್ನೂ ನಿಂಬೆ—